ಮೆಟ್ರಿಕ್ ಒಂದನ್ನೇ ನೋಡಿದರೆ ಸಾಲದು

ಲೊರೆಂಟ್ಸ್ ಸಮ್ಮಿತಿ (ಎಲ್ಲ ದಿಕ್ಕುಗಳಿಗೂ, ಸಮವೇಗದಲ್ಲಿ ಚಲಿಸುವ ಎಲ್ಲ ವೀಕ್ಷಕರಿಗೂ ಭೌತನಿಯಮ ಒಂದೇ ಎಂಬುದು) ಮುರಿದ ಗುರುತ್ವ ಸಿದ್ಧಾಂತದಲ್ಲಿ, ದೇಶಕಾಲದ ಅಂತರಗಳನ್ನು ಅಳೆಯುವ ಮೆಟ್ರಿಕ್‌ಗೆ ಕಿಲ್ಲಿಂಗ್ ಸದಿಶ (ಅದರ ಗುಂಟ ಸರಿದರೂ ಮೆಟ್ರಿಕ್ ಬದಲಾಗದು) ಇದ್ದರೆ ಸಂರಕ್ಷಣಾ ನಿಯಮವೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಸಿಗುವುದಿಲ್ಲ. ಇಲ್ಲಿ ದೇಶಕಾಲದಲ್ಲಿ ಒಂದು ದಿಕ್ಕನ್ನು ಎತ್ತಿ ತೋರಿಸುವ ಹಿನ್ನೆಲೆ ಕ್ಷೇತ್ರವೂ ಇರುತ್ತದೆ; ಅದೇ ಸದಿಶದ ಗುಂಟ ಆ ಕ್ಷೇತ್ರದ ಲೀ ನಿಷ್ಪನ್ನವೂ (ಅದರ ಗುಂಟ ಸರಿದಾಗ ಆಗುವ ಬದಲಾವಣೆ) ಸೊನ್ನೆಯಾಗಬೇಕು. ಮೆಟ್ರಿಕ್ ಗೋಳೀಯವಾಗಿದ್ದು ಕ್ಷೇತ್ರ ಮಾತ್ರ ಒಂದೇ ದಿಕ್ಕಿಗೆ ವಾಲಿದ್ದರೆ, ಅದರೊಡನೆ ವರ್ತಿಸುವ ಕಣದ ಕೋನೀಯ ಸಂವೇಗ ಪೂರ್ತಿಯಾಗಿ ಸಂರಕ್ಷಿತವಾಗುವುದಿಲ್ಲ. ಆ ದಿಕ್ಕಿನ ಸುತ್ತಲಿನ ಘಟಕವಷ್ಟೇ ಉಳಿಯಬಹುದು. ಮೆಟ್ರಿಕ್‌ನೊಡನೆ ಮಾತ್ರ ವರ್ತಿಸುವ ಕಣಕ್ಕೆ ಈ ತಕರಾರಿಲ್ಲ, ಅದು ಎಂದಿನ ಜಿಯೋಡೆಸಿಕ್ (ಬಾಗಿದ ದೇಶಕಾಲದಲ್ಲಿ ಆದಷ್ಟು ನೇರವಾದ ದಾರಿ) ಹಿಡಿದು ಹೋಗುತ್ತದೆ.

ಸಮ್ಮಿತಿ ಮುರಿದ ಬಗೆಯನ್ನೂ ನೋಡಿ. ಕ್ಷೇತ್ರವನ್ನು ಹೊರಗಿನಿಂದ ತಂದಿಟ್ಟರೆ ಅದಕ್ಕೆ ತನ್ನದೇ ಚಲನ ಸಮೀಕರಣವಿರುವುದಿಲ್ಲ, ಬಿಯಾಂಕಿ ನಿತ್ಯಸಮೀಕರಣವೋ (ದೇಶಕಾಲದ ವಕ್ರತೆ ಯಾವಾಗಲೂ ಪಾಲಿಸಲೇಬೇಕಾದ ಜ್ಯಾಮಿತಿಯ ನಿಯಮ) ಜಗ್ಗುವುದಿಲ್ಲ. ಹೀಗೆ ತಂದಿಟ್ಟ ಕ್ಷೇತ್ರವೂ ಈ ನಿಯಮವೂ ಸಾಮಾನ್ಯವಾಗಿ ಹೊಂದುವುದಿಲ್ಲವೆಂದು 2004ರಲ್ಲಿ ಭೌತವಿಜ್ಞಾನಿ ಅಲನ್ ಕೊಸ್ಟೆಲೆಕಿ ತೋರಿಸಿದರು. ಸಮ್ಮಿತಿ ತಾನಾಗಿಯೇ ಮುರಿಯುವ ಬಂಬಲ್‌ಬೀಯಂಥ ಮಾದರಿಗಳಲ್ಲಿ (ಹೆಸರು ಕೇಳಿ ನಗಬೇಡಿ) ಕ್ಷೇತ್ರ ತನ್ನ ಸಮೀಕರಣವನ್ನು ಪಾಲಿಸುವುದರಿಂದ ಈ ಜಗಳವಿಲ್ಲ.

ನಿರ್ದೇಶಾಂಕಗಳನ್ನು ಬದಲಿಸುವ ಸ್ವಾತಂತ್ರ್ಯ ಎರಡೂ ಬಗೆಯಲ್ಲಿ ಉಳಿಯುತ್ತದೆ. ಅದು ಬರೀ ಬಿಂದುಗಳಿಗೆ ಹೆಸರಿಡುವ ರೀತಿಯ ಬದಲಾವಣೆ; ಅದನ್ನು ಭೌತಿಕ ಸಮ್ಮಿತಿ ಎಂದು ಎಣಿಸಿ ಎಡವುವವರು ಬಹಳ.