ಮಾಡೆಲ್ ನೋಡಿದರೆ ಆಣೆಕಲ್ಲು ಮಳೆ ಮೊದಲೇ ಗೊತ್ತಾಗುತ್ತಾ?

ನೀವು ಕೇಳಿರುವುದು ಇಷ್ಟು ಅಲ್ವಾ: ಅಮೆರಿಕದಲ್ಲಿ ಹಿಮದ ಬಿರುಗಾಳಿ ಎಷ್ಟು ಗಂಟೆಗೆ ಬರುತ್ತೆ ಅಂತ ಹೇಳ್ತಾರೆ, ನಮ್ಮ ವಿಜಯಪುರದ ಕಡೆ ಮಾರ್ಚ್‌ನಲ್ಲಿ ಬೀಳುವ ಆಣೆಕಲ್ಲನ್ನು ಯಾಕೆ ಹೇಳೋಕೆ ಆಗಲ್ಲ? ಒಂದು ಮಾಡೆಲ್ (ಹವಾಮಾನವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಹೇಳುವುದು) ಮಳೆ ಅನ್ನುತ್ತೆ, ಇನ್ನೊಂದು ಇಲ್ಲ ಅನ್ನುತ್ತೆ, ಯಾವುದನ್ನು ನಂಬಿ ದ್ರಾಕ್ಷಿ ಕೊಯ್ಯಬೇಕು?

ನಾನು ತಿಕೋಟಾ ಕಡೆಯವನು. ದ್ರಾಕ್ಷಿ ಬೆಳೆದು ಮಣೂಕ, ಅಂದರೆ ಒಣದ್ರಾಕ್ಷಿ ಮಾಡುತ್ತೇವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಳಿಗ್ಗೆ, ಸಂಜೆ ಮಾಡೆಲ್ ನೋಡದೆ ನನಗೆ ದಿನ ಹೋಗಲ್ಲ. ನನ್ನ ಅನುಭವದಲ್ಲಿ ಯಾವ ದಿನ ಅಪಾಯ ಇದೆ ಅನ್ನುವುದನ್ನು ಮಾಡೆಲ್ ಸಾಕಷ್ಟು ಚೆನ್ನಾಗಿ ಹೇಳುತ್ತದೆ. ಯಾರ ತೋಟಕ್ಕೆ ಬೀಳುತ್ತೆ ಅನ್ನುವುದನ್ನು ಹೇಳಲ್ಲ. ಅಮೆರಿಕದಲ್ಲೂ ಹೇಳಲ್ಲ.

ಅಲ್ಲಿಯ ಕಥೆ ನೋಡಿ. ಎರಿ ಸರೋವರದ ಪೂರ್ವದ ತುದಿಯಲ್ಲಿ ಬಫಲೋ ಊರಿದೆ. ನವೆಂಬರ್ ಬಂದರೂ ಸರೋವರದ ನೀರು ಇನ್ನೂ ಸ್ವಲ್ಪ ಬೆಚ್ಚಗೇ ಇರುತ್ತದೆ. ಅದರ ಮೇಲೆ ಕೊರೆಯುವ ಗಾಳಿ ಉದ್ದಕ್ಕೆ ಹಾದು ಬಂದರೆ ಆವಿ ಹೀರಿಕೊಂಡು ಮೋಡ ಕಟ್ಟಿ ದಡದ ಊರುಗಳ ಮೇಲೆ ಹಿಮ ಸುರಿಯುತ್ತದೆ. ಸರೋವರ ಎಲ್ಲಿಗೂ ಹೋಗಲ್ಲ, ಗಾಳಿಯ ದಿಕ್ಕು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಆದರೂ 2022ರ ನವೆಂಬರ್‌ನಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ 80 ಇಂಚು ಹಿಮ ಬಿತ್ತು, ಅಲ್ಲಿಂದ ಸುಮಾರು 20 ಕಿ.ಮೀ. ದೂರದ ವಿಮಾನ ನಿಲ್ದಾಣದಲ್ಲಿ ಅದರ ಅರ್ಧವೂ ಬೀಳಲಿಲ್ಲ. ಗಾಳಿ ಒಂಚೂರು ಹೊರಳಿದರೆ ಇಷ್ಟು ವ್ಯತ್ಯಾಸ.

ನೀವು ಹೇಳುವ ಬಿರುಗಾಳಿ, ಅವರು ಸ್ನೋ ಸ್ಕ್ವಾಲ್ ಅನ್ನುವುದು, ಇನ್ನೂ ಚಿಕ್ಕದು. ಸ್ವಲ್ಪ ಹೊತ್ತು ಬಂದು, ಮುಂದಿನ ಗಾಡಿ ಕಾಣದ ಹಾಗೆ ಮಾಡಿ ಹೋಗಿಬಿಡುತ್ತದೆ. 2022ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಇಂಥದ್ದೇ ಒಂದರಲ್ಲಿ ಸುಮಾರು 80 ವಾಹನ ಒಂದಕ್ಕೊಂದು ಗುದ್ದಿ 6 ಜನ ತೀರಿಕೊಂಡರು. ಅಲ್ಲಿಯ ಹವಾಮಾನ ಆಸಕ್ತರು ವಾರ ಮೊದಲೇ ಚರ್ಚೆ ಶುರು ಮಾಡುತ್ತಾರೆ ನಿಜ, ಆದರೆ ಇಂಥ ಊರಿಗೆ ಇಷ್ಟು ಹೊತ್ತಿಗೆ ಅನ್ನುವ ಎಚ್ಚರಿಕೆ ಬರುವುದು ಅರ್ಧ ಗಂಟೆ, ಜಾಸ್ತಿ ಅಂದರೆ ಒಂದು ಗಂಟೆ ಮೊದಲು. ಅದೂ ರೇಡಾರ್ ನೋಡಿ. ಅವರ ಹತ್ತಿರ ಎಚ್‌ಆರ್‌ಆರ್‌ಆರ್ ಅಂತ 3 ಕಿ.ಮೀ. ಚೌಕದ ಮಾಡೆಲ್ ಇದೆ, ಅಂದರೆ ನೆಲವನ್ನು ಅಷ್ಟಷ್ಟು ಅಗಲದ ಚೌಕ ಮಾಡಿ ಒಂದೊಂದಕ್ಕೂ ಲೆಕ್ಕ ಹಾಕುತ್ತದೆ. ಅದು ರೇಡಾರ್ ಮಾಹಿತಿ ತೆಗೆದುಕೊಂಡು ಗಂಟೆಗೊಮ್ಮೆ ಹೊಸದಾಗಿ ಓಡುತ್ತದೆ. ನಮಗದು ಸಿಗಲ್ಲ.

ನಮಗೆ ಸುಲಭವಾಗಿ ಸಿಗುವ ಮಾಡೆಲ್‌ಗಳಲ್ಲಿ ಅಮೆರಿಕದ ಜಿಎಫ್‌ಎಸ್‌ನ ಒಂದು ಚೌಕ ಸುಮಾರು 13 ಕಿ.ಮೀ., ಯುರೋಪಿನ ಇಸಿಎಂಡಬ್ಲ್ಯುಎಫ್‌ನದ್ದು 9 ಕಿ.ಮೀ. 2025ರ ಮೇನಲ್ಲಿ ಬಂದ ನಮ್ಮದೇ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿ.ಮೀ. ಆಣೆಕಲ್ಲು ಬೀಳುವ ಪಟ್ಟಿ ಎಷ್ಟೋ ಸಲ ಒಂದೆರಡು ಕಿ.ಮೀ. ಅಗಲ ಇರುತ್ತದೆ, ಅಷ್ಟೇ. ಅಂಥ ಮೋಡ ಜಿಎಫ್‌ಎಸ್ ಕಣ್ಣಿಗೆ ಬೀಳುವುದೇ ಇಲ್ಲ, ಸುತ್ತಲಿನ ಬಿಸಿ, ತೇವ, ಗಾಳಿ ನೋಡಿ ಅಂದಾಜು ಮಾಡುತ್ತದೆ. ಮೇಲಾಗಿ ನಮ್ಮಲ್ಲಿ ಸರೋವರದ ಹಾಗೆ ನಿಂತ ಜಾಗ ಇಲ್ಲ. ಮಧ್ಯಾಹ್ನ ನೆಲ ಎಲ್ಲಿ ಕಾದು ಮೋಡ ಎದ್ದಿತೋ ಅಲ್ಲೇ ಮಳೆ.

ಹಾಗಾಗಿ ನಾನು ಮಳೆ ಎಷ್ಟು ಮಿ.ಮೀ. ಅನ್ನುವ ಅಂಕಿಯನ್ನು ನೋಡುವುದೇ ಬಿಟ್ಟಿದ್ದೇನೆ. ಇದನ್ನು ಕಷ್ಟಪಟ್ಟು ಕಲಿತೆ. ಒಂದು ವರ್ಷ ಒಂದು ಆ್ಯಪ್ ಸೊನ್ನೆ ತೋರಿಸಿತು ಅಂತ ಅಷ್ಟೂ ಹಣ್ಣು ಕೊಯ್ದು, ದ್ರಾವಣದಲ್ಲಿ ಅದ್ದಿ ರ್ಯಾಕ್ ಮೇಲೆ ಹರವಿದೆ. ಮೂರನೇ ದಿನ ಸಂಜೆ ಅಡ್ಡಮಳೆ ಗಾಳಿ ಸಮೇತ ಬದಿಯಿಂದ ಹೊಡೆಯಿತು. ಶೆಡ್ಡಿಗೆ ಮೇಲೆ ಹೊದಿಕೆ ಇತ್ತು, ಬದಿಗೆ ಇರಲಿಲ್ಲ. ಅಂಚಿನ ಮಾಲೆಲ್ಲ ಕಪ್ಪಾಯಿತು, ಬೂಸು ಹಿಡಿಯಿತು. ಆ ವರ್ಷದ ಸಾಲ ತೀರಿಸೋಕೆ ಮುಂದೆ ಎರಡು ಹಂಗಾಮು ಬೇಕಾಯಿತು.

ಈಗ ನೋಡುವುದು ಬೇರೆ. ವಿಂಡಿ ಅನ್ನುವ ಹವಾಮಾನದ ಆ್ಯಪ್‌ನಲ್ಲಿ ಮೊದಲು ಡ್ಯೂ ಪಾಯಿಂಟ್ ನೋಡುತ್ತೇನೆ, ಅಂದರೆ ಗಾಳಿಯಲ್ಲಿ ತೇವ ಎಷ್ಟಿದೆ ಅಂತ. ಮಾರ್ಚ್‌ನಲ್ಲಿ ನಮ್ಮ ಗಾಳಿ ಒಣಗಿರಬೇಕು. ಅದು ದಿನದಿನಕ್ಕೆ ಏರಿ 18, 20 ಡಿಗ್ರಿ ಮುಟ್ಟಿತು ಅಂದರೆ ಸಮುದ್ರದ ತೇವ ಒಳಗೆ ಬಂದಿದೆ ಅಂತ ಅರ್ಥ. ಆಮೇಲೆ ಕೇಪ್, ಅಂದರೆ ಮೋಡ ಮೇಲೇಳೋಕೆ ಇರುವ ಶಕ್ತಿ. ಅದು 1500 ದಾಟಿ, ಮೇಲಿನ ಗಾಳಿಯೂ ಜೋರಾಗಿದ್ದರೆ ನಾನು ಹೊಸ ಹಣ್ಣು ಅದ್ದುವುದಿಲ್ಲ, ಮಿ.ಮೀ. ಸೊನ್ನೆ ಇದ್ದರೂ ಸರಿ. ಇಸಿಎಂಡಬ್ಲ್ಯುಎಫ್ ಅದೇ ಲೆಕ್ಕವನ್ನು ಚೂರುಚೂರು ಬದಲಿಸಿ 50 ಸಲ ಓಡಿಸುತ್ತದೆ. 50ರಲ್ಲಿ ಮೂರು ಮಳೆ ಅಂದರೆ ಒಂದು ಮಾತು, ಇಪ್ಪತ್ತು ಅಂದರೆ ಬೇರೆ ಮಾತು. ಎರಡು ಮಾಡೆಲ್ ಜಗಳ ಆಡಿದರೆ ಯಾವುದು ಗೆಲ್ಲುತ್ತೆ ಅಂತ ಕಾಯಬೇಡಿ, ಆ ದಿನವನ್ನು ಅಪಾಯದ ದಿನ ಅಂತಲೇ ಇಟ್ಟುಕೊಳ್ಳಿ. ಬೆಳಗಿನ 5:30ರ ಲೆಕ್ಕ ಜಿಎಫ್‌ಎಸ್‌ನದ್ದು 9-10 ಗಂಟೆಗೆ ಸಿಗುತ್ತದೆ, ಯುರೋಪಿನದ್ದು ಮಧ್ಯಾಹ್ನಕ್ಕೆ. ಐಎಂಡಿ, ಅಂದರೆ ಭಾರತದ ಹವಾಮಾನ ಇಲಾಖೆಯ ಬುಲೆಟಿನ್ ಸಹ ಓದಿ. ಅದರಲ್ಲಿ ಒಳನಾಡಿನ ಮೇಲೆ ಟ್ರಫ್ (ಗಾಳಿಯ ಒತ್ತಡ ಕಡಿಮೆ ಇರುವ ಉದ್ದನೆ ಪಟ್ಟಿ) ಇದೆ ಅಂತ ಬಂದರೆ ನಾನು ತಾಡಪತ್ರಿ ಹೊರಗೆ ತೆಗೆಯುತ್ತೇನೆ.

ಮಧ್ಯಾಹ್ನ 2 ಗಂಟೆ ಮೇಲೆ ಮಾಡೆಲ್ ಮುಚ್ಚಿಬಿಡಿ. ಆಗ ದಾಮಿನಿ ಆ್ಯಪ್‌ನಲ್ಲಿ ಸಿಡಿಲು ಎತ್ತ ಬರುತ್ತಿದೆ ನೋಡಬೇಕು. ರೇಡಾರ್ ನೋಡಿ, ಆದರೆ ಗೋವಾದ ರೇಡಾರ್ ನಮಗೆ ಸುಮಾರು 250 ಕಿ.ಮೀ. ದೂರ. ಭೂಮಿ ದುಂಡಗಿರುವುದರಿಂದ ಅದರ ಕಿರಣ ನಮ್ಮ ತಲೆ ಮೇಲೆ ಬರುವಷ್ಟರಲ್ಲಿ 6 ಕಿ.ಮೀ. ಎತ್ತರ ಏರಿರುತ್ತದೆ. ತೀರಾ ಎತ್ತರದ ಮೋಡ ಮಾತ್ರ ಕಾಣುತ್ತದೆ. ಆದ್ದರಿಂದ ಹೊರಗೆ ಬಂದು ಮುಗಿಲು ನೋಡಲೇಬೇಕು.

ಹೋದ ಸಲ ಹೀಗೇ ಆಯಿತು. ಜಿಎಫ್‌ಎಸ್ ಮಳೆ ಅಂದಿತು, ಯುರೋಪಿನದ್ದು ಇಲ್ಲ ಅಂದಿತು, ಕೇಪ್ ಮಾತ್ರ ಎರಡರಲ್ಲೂ ಜಾಸ್ತಿ ಇತ್ತು. ಎರಡು ದಿನ ಕೊಯ್ಲು ನಿಲ್ಲಿಸಿದೆ. ಎರಡನೇ ದಿನ ನಾಲ್ಕು ಗಂಟೆಗೆ ನಮ್ಮ ಕಾಕಾ ತೋಟದಿಂದಲೇ ಕೂಗಿದರು, "ತಮ್ಮಾ, ಗಾಳಿ ನಿಂತೈತಿ, ತಾಡಪತ್ರಿ ಎಳಿ." ನಾಲ್ಕು ಜನ ಸೇರಿ ಬದಿ ಕಟ್ಟಿ ಮುಗಿಸುವಷ್ಟರಲ್ಲಿ ಗಾಳಿ ಬಂತು. ನಮಗೆ ದಪ್ಪ ಹನಿ ಹತ್ತು ನಿಮಿಷ ಬಿತ್ತು, ಅಷ್ಟೇ. ನಮ್ಮ ಊರು ದಾಟಿ ಐದಾರು ಕಿ.ಮೀ. ಆಚೆ ಆಣೆಕಲ್ಲು ಬಿದ್ದು ಗೊನೆಗಳೆಲ್ಲ ಒಡೆದವು. ಮರುದಿನ ಅಲ್ಲಿಗೆ ಹೋಗಿ ಬಂದೆ. ಎರಡೂ ಊರು ಜಿಎಫ್‌ಎಸ್‌ನ ಒಂದೇ ಚೌಕದಲ್ಲಿದ್ದವು.