ಕೇಳ್ರಿ, ಹೇಳ್ತೀನಿ: ಮಕ್ಕಳನ್ನ ಹೊರಗ ಕುಂಡ್ರಿಸೋ ವಕೀಲ

ಪ್ರಶ್ನೆ: ಸರ್, ನಾನು ಎಲ್‌ಎಲ್‌ಬಿ ಕೊನೇ ವರ್ಷ. ಕ್ರಿಮಿನಲ್ ಕೇಸು ನನಗ ಒಗ್ಗಂಗಿಲ್ಲ. ಬರೇ ವಿಲ್, ದಾನಪತ್ರ, ಪಾಲು ಇಂಥಾ ಕೆಲಸ ಮಾಡ್ಕೊಂಡು ನಮ್ಮ ಕಡೆ ಹೊಟ್ಟಿ ತುಂಬ್ತೈತೇನ್ರಿ? ನೀವು ಈ ಲೈನಿಗೆ ಹೆಂಗ ಬಂದ್ರಿ?
- ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಬರೇ ವಿಲ್ ನಂಬ್ಕೊಂಡು ಕುಂತ್ರ ತುಂಬಂಗಿಲ್ಲವ್ವ, ಖರೇ ಹೇಳ್ತೀನಿ. ವಿಲ್ಲಿಗೆ ಸ್ಟ್ಯಾಂಪ್ ಬೇಕಿಲ್ಲ, ಬಿಳಿ ಹಾಳಿ ಸಾಕು, ರಿಜಿಸ್ಟರ್ ಮಾಡಿಸೋದೂ ಕಡ್ಡಾಯ ಅಲ್ಲ (ಮಾಡಿಸಿದ್ರ ಚಲೋ, ಅದು ಬ್ಯಾರೆ ಮಾತು), ಹಿಂಗಾಗಿ 'ಎರಡು ಹಾಳಿ ಟೈಪ್ ಮಾಡಾಕ ಇಷ್ಟು ಫೀಸೇನ್ರಿ' ಅಂತಾರ, ಅದೇ ಜನ ಅಪ್ಪ ಸತ್ತ ಮ್ಯಾಲ ಪಾಲಿನ ದಾವೆದಾಗ ವರ್ಷಗಟ್ಲೆ ಕೋರ್ಟಿಗೆ ಅಡ್ಡಾಡಿ ಖರ್ಚು ಮಾಡ್ತಾರ, ಅದರ ಲೆಕ್ಕ ಯಾರೂ ಇಡಂಗಿಲ್ಲ.

ನಾನೂ ಶುರು ಮಾಡಿದ್ದು ಪಾಲಿನ ದಾವೆದಿಂದನ. ಕೊಪ್ಪಳದಾಗ ಸೀನಿಯರ್ ಹತ್ರ ಫೈಲ್ ಹೊರೋದು, ಮುದ್ದತ್ತು ತಗೊಳ್ಳೋದು, ಅಪೀಲ್ ಇದ್ರ ಧಾರವಾಡ ಹೈಕೋರ್ಟ್ ಬೆಂಚಿಗೆ ಓಡೋದು (ನೀವು ರಾಯಚೂರು ಜಿಲ್ಲೆಯವರು, ನಿಮಗ ಕಲಬುರಗಿ). ನಿಜಾಮರ ಕಾಲದ ಉರ್ದು ಕಾಗದ ಬಂದ್ರ ಓದೋರನ್ನ ಹುಡುಕ್ಕೊಂಡು ಓಣಿ ಓಣಿ ತಿರಗೋದೂ ನನ್ನ ಕೆಲಸನ ಆಗಿತ್ತು. ಆವಾಗ ಒಂದು ವಿಲ್ಲಿನ ಕೇಸು ಬಂತು. ವಿಲ್ ಖರೇನ ಇತ್ತು, ಊರಿಗೆಲ್ಲ ಗೊತ್ತು. ಆದ್ರ ಅಜ್ಜಾರು ಸಾಕ್ಷಿಗೆ ಕರ್ಕೊಂಡಿದ್ದು ತಮ್ಮ ವಾರಿಗಿ ಗೆಳ್ಯಾರಿಬ್ಬರನ್ನ, ಕೇಸು ವಿಚಾರಣೆಗೆ ಬರೋ ಹೊತ್ತಿಗೆ ಇಬ್ರೂ ಹೋಗಿಬಿಟ್ಟಿದ್ರು. 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಕಮ್ಮಿ ಅಂದ್ರ ಇಬ್ರು ಸಾಕ್ಷಿ ಸಹಿ ಬೇಕು, ಸಾಕ್ಷ್ಯದ ಕಾಯ್ದೆ ಪ್ರಕಾರ ಅವರು ಬದುಕಿದ್ರ ಒಬ್ಬರಾದ್ರೂ ಕೋರ್ಟಿಗೆ ಬಂದು ಹೇಳಬೇಕು, ಇಲ್ಲಂದ್ರ ಸತ್ತೋರ ಸಹಿ ಗುರುತು ಹಿಡಿಯೋರನ್ನ ಹುಡುಕಬೇಕು. ಹುಡುಕಿದ್ವಿ. ಸಾಕಾಗಿ ಹೋತು. ಅವತ್ತಿಂದ ನನ್ನ ಆಫೀಸಿನಾಗ ಸಾಕ್ಷಿ ಅಂದ್ರ ಬರೆಸೋರಕಿಂತ ಇಪ್ಪತ್ತು ವರ್ಷ ಸಣ್ಣೋರು ಇರಬೇಕು, ಅದು ಕಾನೂನಲ್ಲ, ನನ್ನ ರೂಲು.

ನೀವು ಸನದು (ವಕೀಲಿಕಿ ಪರವಾನಗಿ) ತಗೊಂಡು, ಬಾರ್ ಕೌನ್ಸಿಲ್ ಪರೀಕ್ಷೆನೂ ಮುಗಿಸಿದ ಮ್ಯಾಲ ಮೂರ್ನಾಲ್ಕು ವರ್ಷ ಸಿವಿಲ್ ಸೈಡ್ ದುಡೀರಿ. ವಿಲ್ ಹೆಂಗ ಬೀಳ್ತಾವ ಅಂತ ನೋಡದವರಿಗೆ ನಿಲ್ಲೋ ವಿಲ್ ಬರಿಯಾಕ ಬರಂಗಿಲ್ಲ. ಪಿತ್ರಾರ್ಜಿತ ಆಸ್ತಿದಾಗ ಬರೆಸೋರು ತಮ್ಮ ಪಾಲಷ್ಟೇ ಬರೀಬಹುದು ಅನ್ನೋದನ್ನ ದಿನಾ ಒಬ್ಬರಿಗಾದ್ರೂ ಹೇಳ್ತೀನಿ. ಹೆಣ್ಮಕ್ಕಳಿಗೆ ಮದುವ್ಯಾಗ ಬಂಗಾರ ಹಾಕೀವಿ ಮುಗೀತು ಅಂತಾರ, ಮುಗಿಯಂಗಿಲ್ರಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಐತಿ, 2020ರಾಗ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದ ಬರ್ತೈತಿ, 2005ರಾಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಬಿಡಿಸಿ ಹೇಳಿಬಿಟ್ಟೈತಿ.

ಪ್ರಶ್ನೆ: ನನ್ನ ಹೆಸರಿಗೆ ಕಾಲುವೆ ನೀರಿನ ಎರಡೆಕರೆ ಗದ್ದೆ ಐತೆ. ಸಣ್ಣ ಮಗ ದಾನಪತ್ರ ಮಾಡಿಕೊಡು, ಕೊನೆತನಕ ನೋಡ್ಕೊಳ್ತೀನಿ ಅಂತಾನೆ. ಅವನೇ ಒಬ್ಬ ವಕೀಲ್ರ ಹತ್ರ ಕರ್ಕೊಂಡು ಹೋಗಿದ್ದ, ಅವ್ರು ಪೂರಾ ಅವನ ಜೊತೆಗೇ ಮಾತಾಡಿದ್ರು, ನನ್ನ ಒಂದು ಮಾತು ಕೇಳಲಿಲ್ಲ. ಹಿಂಗೇ ಇರ್ತೈತಾ?
- ಒಬ್ಬ ತಾಯಿ, ಸಿರುಗುಪ್ಪ ತಾಲ್ಲೂಕು

ಉತ್ತರ: ಹಿಂಗಿರಬಾರದವ್ವ. ಗದ್ದಿ ಯಾರದೋ ಅವರೇ ನಮ್ಮ ಪಕ್ಷಗಾರರು, ಫೀಸು ಯಾರ ಜೇಬಿನಿಂದ ಬಂದ್ರೂ. ನನ್ನ ಹತ್ರ ಬಂದ್ರ ಮೊದಲು ಮಕ್ಕಳಿಗೆ ಹೊರಗ ಬೆಂಚಿನ ಮ್ಯಾಲ ಕುಂದ್ರಾಕ ಹೇಳಿ ಬಾಗಿಲು ಹಾಕ್ತೀನಿ, ಸಿಟ್ಟಿಗೆ ಬರ್ತಾರ, ಬರಲಿ, ಕೆಲವೊಬ್ರು ಎದ್ದು ಬ್ಯಾರೆ ವಕೀಲ್ರ ಹತ್ರ ಹೋಗಿದ್ದೂ ಐತಿ. ಬಾಗಿಲು ಹಾಕಿದ ಮ್ಯಾಲ ಬರೋ ಮಾತು ಬಾಗಿಲು ತೆರೆದಾಗ ಬಂದಿರಂಗಿಲ್ಲ. ಇದು ಬರೇ ನನ್ನ ಹಟ ಅಲ್ಲ. ವಿಲ್ಲಿಂದ ಲಾಭ ಆಗೋರೇ ಮುಂದ ನಿಂತು ಬರೆಸಿದ್ರ ಕೋರ್ಟು ಅನುಮಾನದಿಂದ ನೋಡ್ತೈತಿ, ಆ ಅನುಮಾನ ಬಿಡಿಸೋದು ಅವರದೇ ಜವಾಬ್ದಾರಿ. ವೆಂಕಟಾಚಲ ಅಯ್ಯಂಗಾರ್ ಕೇಸು ಅಂತ ನಮ್ಮ ಮೈಸೂರು ಸೀಮೆದು, ಹಳೇದು, ಇವತ್ತಿಗೂ ವಿಲ್ ಕೇಸಿನಾಗ ವಕೀಲ್ರು ಮೊದಲು ತೆಗೆಯೋದು ಅದನ್ನ.

ಇನ್ನ ನಿಮ್ಮ ಗದ್ದಿ. ದಾನಪತ್ರ ರಿಜಿಸ್ಟರ್ ಆದ ದಿನಾನೇ ಗದ್ದಿ ಮಗಂದು, ನಾಳೆ ಪಹಣಿದಾಗ ಅವನ ಹೆಸರು, ನಾಡಿದ್ದು ಅವನು ಬ್ಯಾಂಕಿಗೆ ಅಡ ಇಟ್ರೂ ನಿಮ್ಮನ್ನ ಕೇಳಬೇಕಿಲ್ಲ. ವಿಲ್ ಹಂಗಲ್ಲ, ನೀವಿರೋತನಕ ನಿಮ್ಮದು, ಮನಸ್ಸು ಬದಲಾದ್ರ ಹರಿದು ಹಾಕಿ ಇನ್ನೊಂದು ಬರೆಸ್ರಿ. ದಾನಪತ್ರನೇ ಮಾಡಬೇಕು ಅಂದ್ರ 'ನನ್ನ ಊಟ, ಬಟ್ಟಿ, ಔಷಧಿ ನೋಡ್ಕೋಬೇಕು' ಅನ್ನೋ ಷರತ್ತು ಪತ್ರದಾಗೇ ಬರೆಸ್ರಿ, ಬಾಯಿಮಾತು ನಂಬಬ್ಯಾಡ್ರಿ. ಷರತ್ತಿದ್ದು ಮಗ ತಪ್ಪಿದ್ರ 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಸೆಕ್ಷನ್ ಕೆಳಗ ಎಸಿ (ಅಸಿಸ್ಟಂಟ್ ಕಮಿಷನರ್) ಸಾಹೇಬ್ರ ಹತ್ರ ಹೋಗಿ ಪತ್ರ ರದ್ದು ಮಾಡಿಸ್ಬಹುದು. ನಿಮ್ಮ ಮಗ ಒಳ್ಳೇವನೇ ಇರಬಹುದವ್ವ. ಒಳ್ಳೇವನಾದ್ರ ಷರತ್ತಿಗೆ ಯಾಕ ಬ್ಯಾಡ ಅಂತಾನ?

ಪ್ರಶ್ನೆ: ಬ್ಯಾಂಕಿನಾಗ ನಾಮಿನಿ ಹಾಕೀವಿ. ಮತ್ಯಾಕ ವಿಲ್?
- ನಿವೃತ್ತ ಮೇಷ್ಟ್ರು, ಗಂಗಾವತಿ

ಉತ್ತರ: ನಾಮಿನಿ ಅಂದ್ರ ರೊಕ್ಕ ಇಸ್ಕೊಳ್ಳಾಕ ಹಕ್ಕಿದ್ದವರು ಅಷ್ಟೇ ಸರ್, ಮಾಲೀಕರಲ್ಲ. ವಿಲ್ ಇಲ್ಲಂದ್ರ ಎಲ್ಲಾ ವಾರಸುದಾರರಿಗೂ ಅದರಾಗ ಪಾಲೈತಿ.

ಪ್ರಶ್ನೆ: ವಿಲ್ ಬರೆಸಿದ್ರ ಆಯುಷ್ಯ ಕಮ್ಮಿ ಆಗ್ತೈತಿ ಅಂತಾರ ನಮ್ಮವ್ವ. ನೀವು ನಿಮ್ಮದು ಬರೆಸೀರೇನು?
- ಓದುಗ, ಮಾನ್ವಿ

ಉತ್ತರ: ಬಾಳ ವರ್ಷ ಬರೆಸಿರಲಿಲ್ಲ, ಸುಳ್ಳು ಯಾಕ ಹೇಳ್ಲಿ, ಮಂದಿದು ಬರೆಯೋದ್ರಾಗ ನಮ್ಮದು ಉಳೀತು. ಹೋದ ವರ್ಷ ನನ್ನ ಹಳೇ ಜೂನಿಯರ್ ಹುಡುಗಿ ಹತ್ರ ಹೋದೆ, ಈಗ ಆಕಿದೂ ಸ್ವಂತ ಆಫೀಸು. ಸಾಕ್ಷಿಗೆ ಸಣ್ಣ ವಯಸ್ಸಿನವರನ್ನೇ ಕರೆಸಿದ್ಲು, ಖುಷಿ ಆತು. ಆಮ್ಯಾಲ ನನ್ನ ಹೆಂಡ್ತಿ ಕಡೆ ತಿರುಗಿ 'ಅಕ್ಕಾರ, ನೀವು ಸ್ವಲ್ಪ ಹೊರಗ ಬೆಂಚಿನ ಮ್ಯಾಲ ಕುಂದರ್ರಿ' ಅಂದು ಬಾಗಿಲು ಹಾಕಿದ್ಲು. ಮನ್ಯಾಗ ಎರಡು ದಿನ ಚಹಾ ನಾನೇ ಮಾಡ್ಕೊಂಡೆ.