ಪ್ಲೂಟೊ ಬೇರೆ, ಪ್ಲೂಟಸ್ ಬೇರೆ

ಪತ್ರ: ಗ್ರೀಕರ ಸಂಪತ್ತಿನ ದೇವರು ಪ್ಲೂಟೊ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗಳು ‘ಅದು ಪ್ಲೂಟಸ್, ಆ ದೇವರು ಕುರುಡ’ ಅಂತಾಳೆ. ಯಾವುದು ಸರಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ತಪ್ಪು ನಮ್ಮದು, ಕ್ಷಮಿಸಿ. ಪ್ಲೂಟೊ ಅನ್ನುವುದು ಪಾತಾಳದ ಒಡೆಯ ಹೇಡಿಸ್‌ನ ಇನ್ನೊಂದು ಹೆಸರು. ಗ್ರೀಕಿನಲ್ಲಿ ‘ಪ್ಲೂಟೋಸ್’ ಅಂದರೆ ಸಂಪತ್ತು. ಬೆಳೆಯಾಗಲಿ, ಬೆಳ್ಳಿಯಾಗಲಿ ನೆಲದೊಳಗಿಂದಲೇ ಬರಬೇಕಲ್ವಾ? ಹಾಗಾಗಿ ಪಾತಾಳದವನಿಗೂ ಆ ಹೆಸರು ಅಂಟಿತು.

ಪ್ಲೂಟಸ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ಕವಿ ಹೆಸಿಯೋಡ್ ಹೇಳುವಂತೆ ಅವನ ತಾಯಿ ಬೆಳೆಯ ದೇವತೆ ಡಿಮೀಟರ್, ತಂದೆ ಇಯಾಸಿಯೋನ್ ಎಂಬ ವೀರ. ಅವರಿಬ್ಬರು ಕೂಡಿದ್ದು ಕ್ರೀಟ್ ದ್ವೀಪದಲ್ಲಿ, ಮೂರು ಸಲ ಉತ್ತ ಹೊಲದಲ್ಲಿ. ಆ ‘ಮೂರು ಸಲ’ ನೋಡಿ! ಬೇಸಾಯ ಬಲ್ಲವರೇ ಹೇಳುವ ಮಾತದು. ಅವರ ಪಾಲಿಗೆ ಸಂಪತ್ತು ಅಂದರೆ ಮೊದಲು ಕಣಜ ತುಂಬ ಕಾಳು.

ಕುರುಡಿನ ಕಥೆ ವಿವರವಾಗಿ ಸಿಗುವುದು ಕ್ರಿ.ಪೂ. 388ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೋಫನೀಸನ ನಾಟಕದಲ್ಲಿ. ಒಳ್ಳೆಯವರ ಹತ್ತಿರ ಮಾತ್ರ ಹೋಗುತ್ತೇನೆ ಎಂದು ಹುಡುಗ ಪ್ಲೂಟಸ್ ಹೇಳಿದ್ದಕ್ಕೆ, ದೇವತೆಗಳ ರಾಜ ಜೀಯಸ್ ಹೊಟ್ಟೆಕಿಚ್ಚಿನಿಂದ ಅವನ ಕಣ್ಣು ಕಳೆದನಂತೆ. ಖ್ರೆಮಿಲಸ್ ಎಂಬ ಬಡ ರೈತ ಅವನನ್ನು ವೈದ್ಯದೇವ ಅಸ್ಕ್ಲೀಪಿಯಸ್‌ನ ಗುಡಿಗೆ ಕರೆದೊಯ್ಯುತ್ತಾನೆ. ರಾತ್ರಿ ಪ್ಲೂಟಸ್‌ನ ತಲೆಗೆ ಕೆಂಪು ಬಟ್ಟೆ ಹೊದಿಸುತ್ತಾರೆ. ಅಸ್ಕ್ಲೀಪಿಯಸ್ ಸದ್ದು ಮಾಡಿ ಕರೆದಾಗ ಎರಡು ಭಾರಿ ಹಾವುಗಳು ಬಂದು, ಬಟ್ಟೆಯೊಳಗೆ ನುಸುಳಿ, ರೆಪ್ಪೆ ನೆಕ್ಕುತ್ತವೆ. ಕಣ್ಣು ಬರುತ್ತದೆ!

ಇದಕ್ಕಿಂತ ಮೊದಲೇ ಬಡತನದ ದೇವತೆ ಪೀನಿಯಾ ಬಂದು ಜಗಳ ತೆಗೆದಿರುತ್ತಾಳೆ. ಎಲ್ಲರೂ ಶ್ರೀಮಂತರಾದರೆ ಕಬ್ಬಿಣ ಬಡಿಯುವವರು ಯಾರು, ಹಡಗು ಕಟ್ಟುವವರು ಯಾರು, ಚಪ್ಪಲಿ ಹೊಲಿಯುವವರು ಯಾರು ಅಂತ ಕೇಳುತ್ತಾಳೆ. ಖ್ರೆಮಿಲಸ್ ಸರಿಯಾಗಿ ಉತ್ತರ ಕೊಡದೆ ಅವಳನ್ನು ಓಡಿಸುತ್ತಾನೆ. ಅವಳ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ನನ್ನಿಂದಾಗುವುದಿಲ್ಲ. ಆದರೆ ಹಸಿದವರ ಗುಡಿಸಲಿನ ಬಗ್ಗೆ ಆ ರೈತ ಹೇಳುವ ಮಾತೂ ಅಷ್ಟೇ ನಿಜ: ಮಕ್ಕಳ ಅಳು, ಹೇನು, ಸೊಳ್ಳೆ, ಹಾಸಿಗೆಯ ಜಾಗದಲ್ಲಿ ತಿಗಣೆ ತುಂಬಿದ ಜೊಂಡಿನ ಚಾಪೆ.

ನಿಮ್ಮ ಮಗಳಿಗೆ ಒಂದು ಚಿತ್ರ ಹುಡುಕಿ ತೋರಿಸಿ. ಶಿಲ್ಪಿ ಕೆಫಿಸೊಡೋಟಸ್ ಅಥೆನ್ಸಿನಲ್ಲಿ ಮಾಡಿದ ಮೂರ್ತಿಯದು. ಅದರ ರೋಮನ್ ಕಾಲದ ಪ್ರತಿ ಜರ್ಮನಿಯ ಮ್ಯೂನಿಕ್‌ನಲ್ಲಿದೆ. ಶಾಂತಿಯ ದೇವತೆ ಐರೀನೆ ಪ್ಲೂಟಸ್‌ನನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದಾಳೆ. ಅಲ್ಲಿ ಅವನಿನ್ನೂ ಕೂಸು. ಅವಳು ತಲೆ ಬಾಗಿಸಿ ಅವನನ್ನೇ ನೋಡುತ್ತಿದ್ದಾಳೆ, ಅವನು ಅವಳ ಮುಖದ ಕಡೆ ಕೈ ಚಾಚಿದ್ದಾನೆ.